ಮಡಿಕೇರಿಯಲ್ಲಿ ಮಕ್ಕಳಿಗೆ ದುಡ್ಡಿಲ್ಲದೆ ತೋರಿಸೋಕೆ ಏನಿದೆ?

ಪ್ರಶ್ನೆ: ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಎರಡು ದಿನ ಇರ್ತೀವಿ. ಹೋದ ಸಲ ಟಿಕೆಟ್, ಜೀಪು ಅಂತಲೇ ಪರ್ಸ್ ಖಾಲಿಯಾಯಿತು. ಈ ಸಲ ಸುಮ್ನೆ ಓಡಾಡಬೇಕು. ಎಲ್ಲಿಗೆ ಹೋಗಲಿ?

ಉತ್ತರ 1: ನಾನು ಇಲ್ಲಿಯವಳೇ. ಮೊದಲು ಕೋಟೆಗೆ ಹೋಗಿ. ಒಳಗೆ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ದೊಡ್ಡವು. ನನ್ನ ಮಗ ಮೂರು ವರ್ಷದವನಿದ್ದಾಗ ಅದರ ಸೊಂಡಿಲು ನೋಡಿ ಬಾಳೆಹಣ್ಣು ಚಾಚಿಕೊಂಡು ನಿಂತಿದ್ದ. ಎಷ್ಟು ಕರೆದರೂ ಬರಲಿಲ್ಲ, ಕೊನೆಗೆ ಹಣ್ಣು ನಾನೇ ತಿಂದೆ. ಅಲ್ಲಿಂದ ಇಳಿದರೆ ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು. ಗುಮ್ಮಟ, ಮಿನಾರು ನೋಡಿ ಮಸೀದಿನಾ ಅಂತ ಕೇಳುವವರು ಈಗಲೂ ಇದ್ದಾರೆ. ಎದುರಿನ ಕೆರೆಯಲ್ಲಿ ಮೀನುಗಳಿವೆ. ಅತ್ತೆಯವರು ಮೆಟ್ಟಿಲ ಮೇಲೆ ಕೂತರೆ ಒಂದು ಗಂಟೆ ಹೋಗಿದ್ದೇ ಗೊತ್ತಾಗಲ್ಲ.

ಉತ್ತರ 2: ಸೂರ್ಯಾಸ್ತ ನೋಡೋ ಉದ್ಯಾನ, ರಾಜಾ ಸೀಟ್ ಬಿಟ್ರಲ್ಲ ಅಕ್ಕ!

ಉತ್ತರ 1: ಅದಕ್ಕೆ ಟಿಕೆಟ್ ಇದೆಯಪ್ಪ, ಜಾಸ್ತಿ ಏನಲ್ಲ. ಆದರೆ ಸಂಜೆ ಜನ ನೋಡಿದರೆ ಸಾಕು. ನಾನಾದರೆ ಗದ್ದಿಗೆಗೆ ಹೋಗ್ತೀನಿ. ಕೊಡಗಿನ ರಾಜರ ಸಮಾಧಿಗಳು, ಊರು ಪೂರ್ತಿ ಕಾಣುತ್ತೆ, ಹುಲ್ಲಿನ ಮೇಲೆ ಮಕ್ಕಳು ಓಡಬಹುದು.

ಉತ್ತರ 3: ಮೈಸೂರು ಕಡೆಯಿಂದ ಬರುವಾಗ ಕುಶಾಲನಗರ ದಾಟುವ ಮೊದಲು ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್, ಟಿಬೆಟಿಯನ್ ಬೌದ್ಧರ ಮಠ. ಪ್ರವೇಶ ಉಚಿತ. ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿಗಳನ್ನು ನೋಡಿ ನಮ್ಮ ಮಗಳು ಮಾತೇ ಆಡಲಿಲ್ಲ, ಅದೇ ದೊಡ್ಡ ಪವಾಡ. ಅದು ಮೈಸೂರು ಜಿಲ್ಲೆಗೆ ಸೇರುತ್ತೆ, ಜಗಳಕ್ಕೆ ಬರಬೇಡಿ!

ಉತ್ತರ 1: ಮಳೆಗಾಲವಾದರೆ ಹುಲ್ಲಿನ ಕಡೆ ಜಿಗಣೆ ಇರುತ್ತೆ. ಒಂದು ಪೊಟ್ಟಣ ಉಪ್ಪು ಇಟ್ಕೊಳ್ಳಿ.