ಪ್ರಾಮ್ ಉಡುಪಿನ ‘ಕ್ರಿನೊಲಿನ್’: ಒಳಲಂಗ ಎಂದರೆ ಸಾಕೇ?

1950ರ ದಶಕದ ಅಮೆರಿಕದ ಹೈಸ್ಕೂಲು ಹುಡುಗಿಯರು, ಶಾಲೆಯ ವರ್ಷಾಂತ್ಯದ ನೃತ್ಯಕೂಟವಾದ ಪ್ರಾಮ್‌ಗೆ ತೊಡುತ್ತಿದ್ದ ಉಡುಪುಗಳನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮೇಲಿಂದ ಮೇಲೆ ಬರುವ ‘ಕ್ರಿನೊಲಿನ್’ (ಉಡುಪು ಉಬ್ಬಿ ನಿಲ್ಲಲೆಂದು ಒಳಗೆ ತೊಡುವ ಸೆಟೆದ ಬಟ್ಟೆ) ಎಂಬ ಪದಕ್ಕೆ ‘ಒಳಲಂಗ’ ಎಂದು ಬರೆದು ಮುಂದೆ ಸಾಗಿದ್ದೆ. ಎರಡನೆಯ ಸಲ ಓದುವಾಗ ಅದು ಸರಿಯಲ್ಲವೆನಿಸಿತು.

ಮೊದಲು ‘ಪ್ರಾಮ್’ ಪದದ ಮಾತನ್ನು ಮುಗಿಸುತ್ತೇನೆ. ಇದು ವಿಹಾರ ನಡಿಗೆ ಎಂಬರ್ಥದ ‘ಪ್ರಾಮನೇಡ್’ ಪದದ ಮೊಟಕು ರೂಪ. ಇಂಗ್ಲೆಂಡಿನಲ್ಲಿ 1895ರಲ್ಲಿ ಆರಂಭವಾದ ಸಂಗೀತ ಕಛೇರಿಗಳ ಸರಣಿಗೂ ‘ಪ್ರಾಮ್ಸ್’ ಎಂಬ ಹೆಸರೇ ಇರುವುದರಿಂದ ಓದುಗರು ಅಲ್ಲಿಗೆ ಜಾರುವ ಅಪಾಯವಿದೆ. ‘ಬೀಳ್ಕೊಡುಗೆ ಕೂಟ’ ಎನ್ನೋಣವೆಂದರೆ, ನಮ್ಮ ಮನಸ್ಸಿಗೆ ಬರುವುದು ಭಾಷಣ, ಗುಂಪುಚಿತ್ರ ಮತ್ತು ಖಾರಾಬೂಂದಿಯೇ ಹೊರತು, ಹುಡುಗ ಹುಡುಗಿಯರು ಜೋಡಿಯಾಗಿ ಬಂದು ಕುಣಿಯುವ ರಾತ್ರಿಯಲ್ಲ. ಆದ್ದರಿಂದ ಪ್ರಾಮ್ ಅನ್ನು ಪ್ರಾಮ್ ಎಂದೇ ಉಳಿಸಿಕೊಂಡಿದ್ದೇನೆ.

ಇಡೀ ಉಡುಪನ್ನು ಏನೆಂದು ಕರೆಯಬೇಕೆಂಬುದು ಅಷ್ಟು ಸುಲಭವಾಗಿ ತೀರಲಿಲ್ಲ. ‘ಗೌನ್’ ಎಂದರೆ ನಮಗೆ ಘಟಿಕೋತ್ಸವ ಅಥವಾ ವಕೀಲರು ನೆನಪಾಗುತ್ತಾರೆ; ‘ಫ್ರಾಕ್’ ಎಂದರೆ ಆರು ವರ್ಷದ ಮಗು. ‘ಲಂಗ’ವು ಸೊಂಟದಲ್ಲಿ ಆರಂಭವಾಗುವ ಬಟ್ಟೆ, ಆದರೆ ಇದು ಎದೆಯಿಂದ ಮೀನಖಂಡದವರೆಗೆ ಒಂದೇ ಆಗಿ ಇಳಿಯುವಂಥದ್ದು. ಕೊನೆಗೆ ‘ದಿರಿಸು’ ಎಂಬುದನ್ನು ಆರಿಸಿಕೊಂಡೆ. ಅದು ‘ಡ್ರೆಸ್’ ಪದವೇ ಕನ್ನಡದ ನಾಲಗೆಯಲ್ಲಿ ಪಳಗಿ ಬಂದದ್ದಾದ್ದರಿಂದ, ಅನುವಾದ ಮಾಡಿದೆನೋ ಇಲ್ಲವೋ ಎಂಬ ಸಣ್ಣ ಅನುಮಾನ ನನಗೂ ಇದೆ.

ಈಗ ಮುಖ್ಯ ಪ್ರಶ್ನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ, ಹೆಂಗಸರ ಉಡುಪಿಗೆ ಎಷ್ಟು ಬಟ್ಟೆ ಬಳಸಬಹುದೆಂಬುದಕ್ಕೆ ಅಮೆರಿಕದ ಸರ್ಕಾರ ಮಿತಿ ಹಾಕಿತ್ತು. ನೈಲಾನ್ ಪ್ಯಾರಾಚೂಟುಗಳ ಪಾಲಾಗಿತ್ತು. ಯುದ್ಧ ಮುಗಿದು, 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ವಸ್ತ್ರವಿನ್ಯಾಸಕ ಕ್ರಿಸ್ತಿಯಾನ್ ದಿಯೋರ್ ಬಿಗಿದ ನಡು ಮತ್ತು ಧಾರಾಳ ಬಟ್ಟೆಯ ಅಗಲ ಘೇರಿನ ಉಡುಪುಗಳನ್ನು ತೋರಿಸಿದ ಮೇಲೆ, ಆ ಆಕಾರವೇ ಮುಂದಿನ ದಶಕದ ಪ್ರಾಮ್ ದಿರಿಸಿಗೂ ಇಳಿದು ಬಂತು. 1951ರ ‘ಎ ಪ್ಲೇಸ್ ಇನ್ ದ ಸನ್’ ಚಿತ್ರದಲ್ಲಿ ಎಲಿಜಬೆತ್ ಟೇಲರ್‌ಗಾಗಿ ಈಡಿತ್ ಹೆಡ್ ರೂಪಿಸಿದ, ಎದೆಯ ಭಾಗದಲ್ಲಿ ಬಿಳಿ ಹೂಗಳಿದ್ದ ಹೆಗಲುಪಟ್ಟಿಯಿಲ್ಲದ ಉಡುಪನ್ನು ನಕಲು ಮಾಡದ ಊರಿರಲಿಲ್ಲವೆನ್ನಬೇಕು. ಆ ಘೇರು ಕೆಳಗೆ ಜೋತು ಬೀಳದೆ ಕೊಡೆಯಂತೆ ಅರಳಿ ನಿಲ್ಲುವಂತೆ ಮಾಡುತ್ತಿದ್ದದ್ದೇ ಒಳಗಿನ ಕ್ರಿನೊಲಿನ್.

ಪದದ ಹಿನ್ನೆಲೆ ಸ್ವಾರಸ್ಯಕರವಾಗಿದೆ. ಫ್ರೆಂಚಿನಲ್ಲಿ ‘ಕ್ರಿನ್’ ಎಂದರೆ ಕುದುರೆಯ ಒರಟು ಕೂದಲು, ‘ಲಿನ್’ ಎಂದರೆ ಅಗಸೆನಾರು. ಎರಡನ್ನೂ ಸೇರಿಸಿ ನೇಯ್ದ ಸೆಟೆದ ಬಟ್ಟೆಗೆ ಮೊದಲು ಈ ಹೆಸರಿತ್ತು. 1850ರ ದಶಕದಲ್ಲಿ ಉಕ್ಕಿನ ಬಳೆಗಳನ್ನು ಜೋಡಿಸಿದ ಪಂಜರದಂಥ ಒಳ ಉಡುಪು ಬಂದಾಗ ಹೆಸರು ಅದಕ್ಕೆ ಅಂಟಿಕೊಂಡಿತು. ನೂರು ವರ್ಷಗಳ ಬಳಿಕ, ಕುದುರೆಯೂ ಇಲ್ಲದ ಉಕ್ಕೂ ಇಲ್ಲದ ನೈಲಾನ್ ಬಲೆಯ ಪದರಗಳಿಗೆ ಅದೇ ಹೆಸರು ನಡೆಯಿತು. ಬಲೆ ಸೊರಗಿದರೆ ಮನೆಯಲ್ಲಿ ಗಂಜಿ ಹಾಕುತ್ತಿದ್ದರು, ಸಕ್ಕರೆ ನೀರಿನಲ್ಲಿ ಅದ್ದಿ ಒಣಗಿಸುವುದೂ ಇತ್ತು. ಹೀಗೆ ಎರಡು ಸಲ ವಸ್ತು ಬದಲಾದರೂ ಉಳಿದದ್ದು ‘ಸೆಟೆದು ನಿಲ್ಲುವುದು’ ಎಂಬ ಗುಣವೊಂದೇ.

ನಮ್ಮ ಒಳಲಂಗಕ್ಕೆ ಇಲ್ಲದಿರುವುದು ಅದೇ ಗುಣ. ಅದು ಸೀರೆಯ ನೆರಿಗೆಯನ್ನು ಸಿಕ್ಕಿಸಿಕೊಳ್ಳುವ ಆಧಾರ. ಅದು ಉಬ್ಬಿದರೆ ಸೀರೆ ಕೆಡುತ್ತದೆ. ಒಂದು ಅಡಗಬೇಕಾದದ್ದು, ಇನ್ನೊಂದು ಉಬ್ಬಿಸಬೇಕಾದದ್ದು. ಆದ್ದರಿಂದ ‘ಗಂಜಿಲಂಗ’ ಎಂದು ಬರೆದು ನೋಡಿದೆ: ಗಂಜಿ ಹಾಕಿದ ಬಟ್ಟೆಯ ಗರಿಗರಿ ಕನ್ನಡದವರಿಗೆ ವಿವರಿಸಬೇಕಾದದ್ದಲ್ಲ. ಆದರೆ 1850ರ ದಶಕದ ಉಕ್ಕಿನ ಬಳೆಗಳಿಗೆ ಈ ಪದ ಹೊಂದುವುದಿಲ್ಲ, ಜೊತೆಗೆ ಊಟದ ಗಂಜಿಯೂ ಇಣುಕುತ್ತದೆ. ‘ಉಬ್ಬುಲಂಗ’ ಎಂದರೆ ಮೂರೂ ಕಾಲಕ್ಕೆ ಸಲ್ಲುತ್ತದೆ, ಆದರೆ ಒಳಗಿನದು ಎಂಬುದು ತಪ್ಪಿಹೋಗಿ ಹೊರಗಿನ ಘೇರೇ ಉಬ್ಬುಲಂಗವೆಂದು ತಿಳಿಯಬಹುದು. ‘ಉಬ್ಬು ಒಳಲಂಗ’ ಸರಿಯಾದರೂ ಉಚ್ಚರಿಸುವಾಗ ನಾಲಗೆ ಎಡವುತ್ತದೆ.

ಇದಕ್ಕೆ ಅಂಟಿದ ಇನ್ನೊಂದು ತೊಡಕು ‘ಟ್ಯೂಲ್’. ಫ್ರಾನ್ಸಿನ ಊರೊಂದರ ಹೆಸರಿನಿಂದ ಬಂದ ಈ ನವಿರಾದ ಬಲೆಬಟ್ಟೆಯನ್ನು ನಮ್ಮ ದರ್ಜಿಗಳು ‘ನೆಟ್’ ಎನ್ನುತ್ತಾರೆ. ನೇಯ್ಗೆಯ ದೃಷ್ಟಿಯಿಂದ ‘ಸೊಳ್ಳೆಪರದೆಯಂಥ ಬಟ್ಟೆ’ ಎಂಬ ವಿವರಣೆ ನಿಖರವೇ ಆಗಿದ್ದರೂ, ಹುಡುಗಿ ತಿಂಗಳುಗಟ್ಟಲೆ ಕನಸು ಕಂಡ ದಿರಿಸಿನ ಬಗ್ಗೆ ಹಾಗೆ ಬರೆಯಲು ಕೈ ಬರುವುದಿಲ್ಲ. ‘ಜಾಳಿಗೆ’ ಎಂಬ ಪದ ಹೊಂದೀತೇ, ಅಥವಾ ಅದು ಹಣದ ಚೀಲವನ್ನೇ ನೆನಪಿಸೀತೇ?

ಹಳೆಯ ನಾಟಕ ಕಂಪನಿಗಳಲ್ಲಾಗಲಿ, ಯಕ್ಷಗಾನದ ವೇಷಭೂಷಣದಲ್ಲಾಗಲಿ, ದರ್ಜಿಗಳ ಮಾತಿನಲ್ಲಾಗಲಿ, ಮೇಲಿನ ಬಟ್ಟೆ ಉಬ್ಬಿ ನಿಲ್ಲಲೆಂದು ಒಳಗೆ ಕಟ್ಟುವ ಬಟ್ಟೆಗೆ ಪ್ರತ್ಯೇಕ ಹೆಸರು ಬಳಕೆಯಲ್ಲಿದ್ದರೆ, ಯಾವ ಪ್ರದೇಶದ ಮಾತೆಂಬುದರೊಂದಿಗೆ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ. ಅಲ್ಲಿಯವರೆಗೆ ಕರಡಿನಲ್ಲಿ ‘ಉಬ್ಬುಲಂಗ’ವನ್ನೇ ಇಟ್ಟುಕೊಂಡು, ಮೊದಲ ಸಲ ಬರುವೆಡೆ ‘ದಿರಿಸಿನೊಳಗೆ ತೊಡುವ’ ಎಂಬ ವಿಶೇಷಣವನ್ನು ಸೇರಿಸಿದ್ದೇನೆ.