ಸಹಾಯ ಬೇಕು: ರೊಟ್ಟಿ ಊಟ ಬಿಡದೆ ಹೊಟ್ಟೆಯ ಬೊಜ್ಜು ಇಳಿಸುವುದು ಹೇಗೆ?

ಸದಸ್ಯರೆಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು, ವಯಸ್ಸು 42, ದಿನವಿಡೀ ಕುಳಿತೇ ಮಾಡುವ ಲೆಕ್ಕಪತ್ರದ ಕೆಲಸ. ಕೈಕಾಲುಗಳು ತೆಳ್ಳಗಿದ್ದರೂ ಸೊಂಟದ ಸುತ್ತಳತೆ 98 ಸೆಂ.ಮೀ. ಇದ್ದು, ಭಾರತೀಯ ಪುರುಷರಿಗೆ ವೈದ್ಯರು ಹೇಳುವ 90 ಸೆಂ.ಮೀ. ಮಿತಿಯನ್ನು ದಾಟಿದೆ, ತಂದೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಇದನ್ನು ಬರೀ ನೋಟದ ವಿಷಯವೆಂದು ಬಿಡಲು ಮನಸ್ಸು ಒಪ್ಪುತ್ತಿಲ್ಲ.

ಬೆಳಿಗ್ಗೆ ಗೋಳಗುಮ್ಮಟದ ಕಡೆ ಬಿರುಸಾಗಿ ನಡೆಯುತ್ತೇನೆ, ವಾರಕ್ಕೆ 150 ನಿಮಿಷ ತಪ್ಪದಂತೆ ನೋಡಿಕೊಳ್ಳುತ್ತೇನೆ. ಹೊಟ್ಟೆಯ ವ್ಯಾಯಾಮದಿಂದ ಅಲ್ಲಿನ ಸ್ನಾಯು ಗಟ್ಟಿಯಾಗುತ್ತದೆಯೇ ಹೊರತು ಬೊಜ್ಜು ಅಲ್ಲಿ ಮಾತ್ರ ಕರಗುವುದಿಲ್ಲ ಎಂಬುದು ತಿಳಿದಿದೆ.

ತೊಡಕಿರುವುದು ತಾಟಿನಲ್ಲಿ. ಜೋಳದ ರೊಟ್ಟಿಯೇ ಬೊಜ್ಜಿಗೆ ಕಾರಣವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಶೇಂಗಾ ಹಿಂಡಿಯ (ಶೇಂಗಾ ಚಟ್ನಿಪುಡಿಯ) ನಡುವೆ ಕುಳಿ ಮಾಡಿ, ಅದು ತುಂಬುವಷ್ಟು ಎಣ್ಣೆ ಹಾಕಿ ಕಲಸಿಕೊಳ್ಳುವುದು ನಮ್ಮ ಮನೆಯ ರೂಢಿ. 100 ಗ್ರಾಂ ಶೇಂಗಾದಲ್ಲೇ 560ಕ್ಕೂ ಹೆಚ್ಚು ಕ್ಯಾಲೊರಿ ಇರುವಾಗ, ಒಂದು ದೊಡ್ಡ ಚಮಚ ಎಣ್ಣೆ ಇನ್ನೂ 120ರಷ್ಟನ್ನು ಸೇರಿಸುತ್ತದೆ. ಎಣ್ಣೆಯ ಬದಲು ಗಟ್ಟಿ ಮೊಸರು ಹಾಕಿಕೊಂಡರೆ ರುಚಿಯೂ ಉಳಿದು ಪ್ರೋಟೀನೂ ಸಿಕ್ಕೀತೆಂದು ನನ್ನ ಎಣಿಕೆ.

ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಮಡಿಕೆಕಾಳು, ಹೆಸರುಕಾಳು, ಕಡಲೆ, ಮೊಸರು ಇಷ್ಟರಲ್ಲೇ ಸಾಕಷ್ಟು ಪ್ರೋಟೀನ್ ಸಿಗುವಂತೆ ದಿನದ ಊಟವನ್ನು ಹೊಂದಿಸಿಕೊಂಡವರು ದಯವಿಟ್ಟು ಪ್ರಮಾಣಸಹಿತ ತಿಳಿಸಬೇಕು. ಜಿಮ್ಮಿಗೆ ಹೋಗದೆ, ಬಸ್ಕಿ, ದಂಡ ಮುಂತಾದ ಸ್ನಾಯು ಬಲಪಡಿಸುವ ವ್ಯಾಯಾಮಗಳನ್ನು ಮನೆಯಲ್ಲೇ ವಾರಕ್ಕೆ ಎರಡು ಮೂರು ದಿನ ಮಾಡಿ ಸುತ್ತಳತೆ ಇಳಿಸಿಕೊಂಡವರಿದ್ದರೆ, ಹೇಗೆ ಆರಂಭಿಸಿದಿರಿ, ಮೊಣಕಾಲಿಗೆ ಪೆಟ್ಟಾಗದಂತೆ ಹೇಗೆ ಹೆಚ್ಚಿಸುತ್ತ ಹೋದಿರಿ ಎಂಬುದನ್ನು ಬರೆಯಿರಿ. ಕರಗಿಸುವ ಪುಡಿ, ಕಷಾಯ, ಮಾತ್ರೆಗಳ ಸಲಹೆ ಬೇಡವೆಂದು ವಿನಂತಿ.