ಇಟಲಿ, ಗ್ರೀಸ್ ಕಡೆ ಇರೋರು ಹೇಳಿ: ಕಲ್ಲಿನ ಗಾಣದ ಆಲಿವ್ ಎಣ್ಣೆ ತಗೊಳ್ಳೋದಾ, ಮಷೀನಿಂದಾ?

ಬಾರಿ_ಕನ್ನಡಿಗ:
ನಮಸ್ಕಾರ ಎಲ್ರಿಗೂ. ನಾನು ದಕ್ಷಿಣ ಇಟಲಿಯ ಪುಲಿಯಾದಲ್ಲಿ, ಬಾರಿ ಹತ್ರ ಇದೀನಿ. ಇಲ್ಲೀಗ ಆಲಿವ್ ಕೊಯ್ಲು ಜೋರು. ಕಲೀಗ್ ಮನೆಯವರದ್ದು ಆಂದ್ರಿಯಾ ಅನ್ನೋ ಊರಿನ ಪಕ್ಕ ತೋಟ ಇದೆ, ಬಾ ಅಂದ್ರು, ಹೋಗಿದ್ದೆ. ಮರದ ಕೆಳಗೆ ಬಲೆ ಹಾಸಿ, ಉದ್ದ ಕೋಲಿನ ತುದೀಲಿ ಅದುರೋ ಬಾಚಣಿಗೆ ಥರದ್ದನ್ನ ಕೊಂಬೆಗೆ ಹಿಡಿದ್ರೆ ಕಾಯಿ ಪಟಪಟ ಉದುರತ್ತೆ, ಅವರಜ್ಜಿ ಬಲೆ ಮೇಲೇ ಕೂತು ಎಲೆ ಕಡ್ಡಿ ಆರಿಸ್ತಾ ಎಲ್ರಿಗೂ ಬೈತಾ ಇದ್ರು. ಸಂಜೆಗೇ ಎಲ್ಲಾ ಕ್ರೇಟಲ್ಲಿ ತುಂಬಿ ಮಿಲ್ಲಿಗೆ ಹಾಕಿದ್ರು. ಪೂರ್ತಿ ಸ್ಟೀಲ್ ಮಷೀನು. ತಾತನ ಕಾಲದ ರುಬ್ಬೋ ಕಲ್ಲು ಗೇಟ್ ಪಕ್ಕ ಬಿದ್ದಿದೆ, ಅದ್ರ ಮೇಲೆ ಹೂವಿನ ಕುಂಡ.

ಈಗ ಡೌಟು. ಪಕ್ಕದೂರಲ್ಲಿ ಒಬ್ರು ಇನ್ನೂ ಹಳೇ ಪದ್ಧತೀಲೇ ಕಲ್ಲಲ್ಲಿ ಅರೆದು ಪ್ರೆಸ್ಸಲ್ಲಿ ಹಿಂಡ್ತಾರಂತೆ, ರೇಟೂ ಜಾಸ್ತಿ. ಊರಿಗೆ ಒಯ್ಯೋದಕ್ಕೆ ಅದೇ ಒಳ್ಳೇದಲ್ವಾ? ಇನ್ನೊಂದು, ಕಲೀಗ್ ಮನೆ ಹೊಸ ಎಣ್ಣೆ ಬ್ರೆಡ್ ಮೇಲೆ ಸುರ್ಕೊಂಡು ತಿಂದ್ರೆ ಗಂಟಲು ಉರಿದು ಕೆಮ್ಮು ಬಂತು, ಅವರು ಮಾತ್ರ ಖುಷಿಯಿಂದ ನಗ್ತಾ ಇದ್ರು. ಕಲಬೆರಕೆ ಅಂತೂ ಅಲ್ಲ ನನ್ ಕಣ್ಣೆದುರೇ ಬಂದಿದ್ದು, ಆದ್ರೂ ಯಾಕೆ ಹಂಗೆ?

ಕ್ರೀಟ್_ಅಳಿಯ:
ಕೆಮ್ಮು ಬಂತು ಅಂದ್ರೆ ಎಣ್ಣೆ ಚೆನ್ನಾಗಿದೆ ಅಂತ್ಲೇ ಅರ್ಥ ಗುರು. ಓಲಿಯೋಕ್ಯಾಂಥಾಲ್ ಅಂತ ಒಂದು ಅಂಶ ಇದೆ, ಅದು ಗಂಟಲ ಹಿಂದೆ ಮಾತ್ರ ಚುರುಗುಟ್ಟಿಸತ್ತೆ, ಅದ್ರ ಗುಣ ಐಬುಪ್ರೊಫೇನ್ ಮಾತ್ರೆ ಥರ ಅಂತ 2005ರಲ್ಲೇ ನೇಚರ್ ಪತ್ರಿಕೇಲಿ ಬಂದಿತ್ತು. ಆಂದ್ರಿಯಾ ಕಡೆ ಬೆಳೆಯೋದು ಕೊರಾತೀನಾ ತಳಿ, ಒಗರು ಘಾಟು ಎರಡೂ ಜಾಸ್ತಿ, ಅದ್ರಲ್ಲೂ ದೋರಗಾಯಲ್ಲೇ ಕಿತ್ತಿದ್ರೆ ಕೇಳೋದೇ ಬೇಡ. ಇಲ್ಲಿ ಕ್ರೀಟಲ್ಲಿ ನಮ್ ಮಾವನವರದ್ದು ಕೊರೊನೇಕಿ ತಳಿ, ಕಾಯಿ ಚಿಕ್ಕದು, ಅದೂ ಸ್ವಲ್ಪ ಹಂಗೇ.

ಕಲ್ಲು ಮಷೀನು ವಿಷ್ಯಕ್ಕೆ ಬಂದ್ರೆ ನಾನು ಕಣ್ಮುಚ್ಕೊಂಡು ನಿನ್ ಕಲೀಗ್ ಮನೇದೇ ತಗೊ ಅಂತೀನಿ. ಕಿತ್ತ ಕಾಯಿ ರಾಶೀಲಿ ಬಿದ್ರೆ ಒಳಗೇ ಬಿಸಿಯಾಗಿ ಹುಳಿಯೋಕೆ ಶುರು, ಆಮೇಲೆ ಯಾವ ಗಾಣದಲ್ಲಿ ಹಿಂಡಿದ್ರೂ ಆ ವಾಸನೆ ಹೋಗಲ್ಲ. ಅದಕ್ಕೇ ಅವರು ಸಂಜೆಗೇ ಓಡಿದ್ದು. ಮಾವನವರಂತೂ ಮಿಲ್ಲಲ್ಲಿ ಕ್ಯೂ ಇದ್ರೆ ಅಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತಾರೆ, ತಮ್ ಕಾಯಿ ಬೇರೆಯವರ ಕಾಯಿ ಜೊತೆ ಸೇರಬಾರದು ಅಂತ. 100 ಕೆಜಿ ಕಾಯಿಗೆ 12ರಿಂದ 20 ಕೆಜಿ ಎಣ್ಣೆ, ತಳಿ ಮೇಲೆ ಮಾಗಿದ್ದರ ಮೇಲೆ ಹೋಗತ್ತೆ. ಆ ಲೆಕ್ಕ ಬೋರ್ಡ್ ಮೇಲೆ ಬರೆಯೋವಾಗ ಅವರ ಮುಖ ನೋಡ್ಬೇಕು.

ಗಾಣದಮನೆ_ತಿಪಟೂರು:
ನಾವಿಲ್ಲಿ ಮರದ ಗಾಣ ನಡೆಸೋರು ಸಾರ್. ಹಳೇದೆಲ್ಲಾ ಕೆಟ್ಟದು ಅನ್ನೋ ಥರ ಬರೀಬೇಡಿ, ನಿಧಾನಕ್ಕೆ ತಿರುಗಿದ್ರೆ ಎಣ್ಣೆ ಬಿಸಿ ಆಗಲ್ಲ, ಅದ್ಕೇ ಜನ ಹುಡುಕ್ಕೊಂಡು ಬರ್ತಾರೆ. ಆಲಿವ್‌ಗೂ ಅದೇ ನ್ಯಾಯ ಅಲ್ವಾ?

ಕ್ರೀಟ್_ಅಳಿಯ:
ಅಣ್ಣಾ ಬೇಜಾರಾಗ್ಬೇಡಿ, ನಿಮ್ದು ಒಣಗಿದ ಬೀಜ, ಇದು ಹಸಿ ಹಣ್ಣು. ಇದ್ರಲ್ಲಿ ಅರ್ಧದಷ್ಟು ನೀರೇ ಇರತ್ತೆ, ಆ ನೀರಿಂದ ಎಣ್ಣೆ ಬೇರೆ ಮಾಡೋದೇ ದೊಡ್ಡ ಕೆಲ್ಸ. ಹಳೇ ಪದ್ಧತೀಲಿ ಅರೆದ ಮುದ್ದೆನ ದುಂಡಗಿನ ನಾರಿನ ಚಾಪೆ ಮೇಲೆ ಬಳಿದು (ತೆಂಗಿನ ನಾರಿನ ಚಾಪೇನೂ ಬಳಸ್ತಿದ್ರು, ನಿಮ್ಗೆ ಖುಷಿಯಾಗ್ಬಹುದು) ಒಂದರ ಮೇಲೊಂದು ಪೇರಿಸಿ ಒತ್ತೋರು. ನಿಜವಾದ ತಲೆನೋವು ಆ ಚಾಪೆ, ಕಲ್ಲಲ್ಲ. ನಾರಿನ ಸಂದೀಲಿ ನಿನ್ನೆಯ ಹಿಂಡಿ ಉಳ್ಕೊಂಡು ಕಮಟತ್ತೆ, ಅದು ಇವತ್ತಿನ ಎಣ್ಣೆಗೂ ಅಂಟತ್ತೆ. ಕಲ್ಲಲ್ಲಿ ಅರೆದ್ರೆ ಒಗರು ಸ್ವಲ್ಪ ಕಮ್ಮಿಯಾಗಿ ಮೃದು ಎಣ್ಣೆ ಬರತ್ತೆ, ಅದನ್ನ ಒಪ್ತೀನಿ. ಕಲ್ಲಲ್ಲಿ ಅರೆದು ಉಳಿದಿದ್ದೆಲ್ಲಾ ಸ್ಟೀಲ್ ಸೆಂಟ್ರಿಫ್ಯೂಜಲ್ಲಿ (ಜೋರಾಗಿ ತಿರುಗಿಸಿ ಎಣ್ಣೆ ಬೇರೆ ಮಾಡೋ ಮಷೀನು) ಮಾಡೋ ಮಿಲ್ಲುಗಳೂ ಇವೆ. ಬಿಸಿ ವಿಷ್ಯ ಕೇಳಿದ್ರಲ್ಲ, ಯುರೋಪಲ್ಲಿ ಲೇಬಲ್ ಮೇಲೆ ಕೋಲ್ಡ್ ಅಂತ ಹಾಕ್ಬೇಕಾದ್ರೆ 27 ಡಿಗ್ರಿಗಿಂತ ಕಮ್ಮಿ ಇರ್ಲೇಬೇಕು, ಮಷೀನಾದ್ರೂ ಅಷ್ಟೇ.

ಲೆಚ್ಚೆ_ಸುಮಾ:
ನಾನು ಬಾರಿಯಿಂದ ಇನ್ನೂ ಕೆಳಗೆ, ಲೆಚ್ಚೆ ಕಡೆ. ಇಲ್ಲಿ ನೆಲದೊಳಗೆ ಬಂಡೆ ಕೊರೆದು ಮಾಡಿರೋ ಹಳೇ ಗಾಣಗಳಿವೆ, ಗಲ್ಲಿಪೊಲೀಲಿ ಒಳಗಿಳಿದು ನೋಡ್ಬಹುದು. ಚಳಿಗೆ ಎಣ್ಣೆ ಹೆಪ್ಪುಗಟ್ಟಬಾರದು ಅಂತ ಕೆಳಗೆ ಕಟ್ತಿದ್ದಿದ್ದು. ಹೇಸರಗತ್ತೆ ಕಟ್ಟಿ ಕಲ್ಲು ತಿರುಗಿಸೋರು, ಆಳುಗಳು ಚಳಿಗಾಲ ಪೂರ್ತಿ ಅಲ್ಲೇ ಹೊಗೇಲಿ ಮಲಗೋರು. ಆ ಎಣ್ಣೇಲಿ ಬಹುಪಾಲು ತಿನ್ನೋಕಲ್ಲ, ದೀಪ ಉರಿಸೋಕೆ ಹಡಗಲ್ಲಿ ಹೋಗ್ತಿತ್ತು. ಹಂಗಾಗಿ ಸಾಂಪ್ರದಾಯಿಕ ಅಂತ ಬೋರ್ಡ್ ನೋಡಿ ಮರುಳಾಗ್ಬೇಡಿ, ರುಚಿ ನೋಡಿ ತಗೊಳ್ಳಿ.

ಬಾರಿ ಕಡೆಯವರು ಪುಣ್ಯವಂತರು ಬಿಡಿ. 2013ರಲ್ಲಿ ನಮ್ಮ ಗಲ್ಲಿಪೊಲಿ ಹತ್ರ ಕ್ಸೈಲೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯ್ತು, ನೊರೆಯೊಳಗೆ ಬೆಳೆಯೋ ಒಂದು ಹುಳ ಅದನ್ನ ಮರದಿಂದ ಮರಕ್ಕೆ ಹರಡತ್ತೆ, ಆ ಬ್ಯಾಕ್ಟೀರಿಯಾದಿಂದ ಮರದೊಳಗೆ ನೀರು ಏರೋ ದಾರಿನೇ ಕಟ್ಟಿ ತುದಿ ಕೊಂಬೆಯಿಂದ ಒಣಗ್ತಾ ಬರತ್ತೆ. ಇಲ್ಲಿನ ಹಳೇ ತಳಿಗಳಾದ ಒಲ್ಯಾರೋಲಾ, ಚೆಲ್ಲೀನಾ ಎರಡೂ ತಡ್ಕೊಳ್ಳಲಿಲ್ಲ, ಲಕ್ಷಾಂತರ ಮರ ಹೋಯ್ತು. ರಸ್ತೆ ಉದ್ದಕ್ಕೂ ಬೂದಿ ಬಣ್ಣದ ಮೋಟುಗಳು. ನಮ್ಮ ಮನೆ ಓನರ್ ತಾತ ಅಜ್ಜನ ಕಾಲದ ಮರ ಕಡಿಸೋಕೆ ಒಪ್ಪದೇ ವರ್ಷಗಟ್ಲೆ ಜಗಳ ಆಡಿ, ಈಗ ಮಗನ ಮಾತಿಗೆ ಲೆಚ್ಚೀನೋ, ಎಫ್‌ಎಸ್-17 ಸಸಿ ಹಾಕಿದಾರೆ. ಅವು ರೋಗ ತಡ್ಕೋತವೆ. ತಾತ ಮಾತ್ರ ಆ ಕಡೆ ತಿರುಗಿಯೂ ನೋಡಲ್ಲ, ಅಡುಗೆಗೆ ಎಣ್ಣೆ ಕೊಂಡು ತರೋದು ಅವರಿಗೆ ದೊಡ್ಡ ಅವಮಾನ. ಅದಕ್ಕೆ ಹೇಳ್ತಿರೋದು, ನಿಮ್ ಕಲೀಗ್ ಮನೆಯವರು ಕೊಟ್ರೆ ಸುಮ್ನೆ ಇಸ್ಕೊಬೇಡಿ, ದುಡ್ಡು ಕೊಟ್ಟು ತಗೊಳ್ಳಿ. ಬಲೆ, ಕೂಲಿ, ಮಿಲ್ಲಿನ ಕ್ವಿಂಟಾಲ್ ಲೆಕ್ಕದ ಚಾರ್ಜು ಎಲ್ಲಾ ಸೇರಿದ್ರೆ ಚಿಕ್ಕ ತೋಟದೋರಿಗೆ ಏನೂ ಉಳಿಯಲ್ಲ, ಅದ್ರಲ್ಲೂ ಒಂದ್ವರ್ಷ ಬಂದ್ರೆ ಇನ್ನೊಂದ್ವರ್ಷ ಮರ ಕೈ ಕೊಡತ್ತೆ.

ಬಾರಿ_ಕನ್ನಡಿಗ:
ಸುಮಕ್ಕಾ ಥ್ಯಾಂಕ್ಸ್, ದುಡ್ಡಿನ ವಿಷ್ಯ ನಂಗೆ ಹೊಳೆದೇ ಇರ್ಲಿಲ್ಲ. ಅವರ ಹತ್ರಾನೇ 5 ಲೀಟರ್ ಡಬ್ಬ ಹೇಳ್ತೀನಿ. ಅಮ್ಮ ಒಗ್ಗರಣೆಗೆ ಹಾಕ್ಬಹುದಾ?

ಕ್ರೀಟ್_ಅಳಿಯ:
ಹಾಕ್ಬಹುದು, ಏನೂ ಆಗಲ್ಲ, ಇಲ್ಲಿ ಅತ್ತೆ ಆಲೂಗಡ್ಡೆ ಕರಿಯೋದೂ ಇದ್ರಲ್ಲೇ. ಆದ್ರೆ ಸಾಸಿವೆ ಇಂಗಿನ ಮುಂದೆ ಆ ಘಮ ಗೊತ್ತೇ ಆಗಲ್ಲ, ಬಿಸಿ ರೊಟ್ಟಿ ಮೇಲೆ ಹಸಿಯಾಗಿ ಹಾಕ್ಕೊಳ್ಳೋಕೆ ಹೇಳು. ಗಾಜಿನ ಬಾಟ್ಲಿಗೆ ಸುರಿದು ಕಿಟಕಿ ಹತ್ರ ಮಾತ್ರ ಇಡಬೇಡಿ, ಬೆಳಕಿಗೆ ಬೇಗ ಕಮಟತ್ತೆ, ಮುಂದಿನ ಕೊಯ್ಲು ಬರೋದ್ರೊಳಗೆ ಮುಗಿಸಿ.

ಗಾಣದಮನೆ_ತಿಪಟೂರು:
ರೊಟ್ಟಿಗೆ ಕೊಬ್ರಿ ಎಣ್ಣೇನೇ ಸರಿ ಅಂತ ನನ್ ಅಭಿಪ್ರಾಯ. ಆ ತೆಂಗಿನ ನಾರಿನ ಚಾಪೆ ಫೋಟೋ ಯಾರ ಹತ್ರ ಆದ್ರೂ ಇದ್ರೆ ಹಾಕಿ.